ಹಾಡಿನ ಡಬ್ಬ

ಮದುವೆಯೆಂದರೆ ಮನೆಗೆ ಸುಣ್ಣ-ಬಣ್ಣ, ಸುಣ್ಣ-ಬಣ್ಣವೆಂದರೆ ಅಟ್ಟ ಖಾಲಿ ಮಾಡುವುದು, ಅಟ್ಟ ಖಾಲಿ ಮಾಡುವುದೆಂದರೆ ಗುಜರಿಯವನು. ಇದು ಎಲ್ಲರ ಮನೆಯಲ್ಲೂ ನಡೆಯುವ ಕ್ರಮ. 2023ರ ಜನವರಿಯಲ್ಲಿ ಭದ್ರಾವತಿಯ ಹಳೇನಗರದ ನಮ್ಮ ತವರುಮನೆಯಲ್ಲಿ ತಮ್ಮನ ಮಗಳ ಮದುವೆಯ ತಯಾರಿ ಶುರುವಾದಾಗಲೂ ಹಾಗೇ ಆಯಿತು. ಒಡೆದ ಬಕೆಟ್ಟು, ಕಾಲು ಮುರಿದ ಸ್ಟೂಲು, ತುಕ್ಕು ಹಿಡಿದ ಟ್ಯೂಬ್‌ಲೈಟಿನ ಪಟ್ಟಿ ಎಲ್ಲ ಅಂಗಳಕ್ಕೆ ಬಂದವು. ಸಾಲಿನ ಕೊನೆಯಲ್ಲಿ, ಅಮ್ಮ ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು ಅಪ್ಪನ ಕಂಪ್ಯೂಟರ್ ಕೂತಿತ್ತು.

"ಇದೂ ಹೋಗ್ಲಿ ಬಿಡು ಅಕ್ಕಾ. ಆನ್ ಆಗದೆ ಮೂರು ವರ್ಷ ಆಯ್ತು. ಆ ಮೂಲೇಲಿ ಹಣ್ಣಿನ ಬುಟ್ಟಿಗಳನ್ನಾದ್ರೂ ಇಡಬಹುದು" ಎಂದ ತಮ್ಮ. ಅವನದೇನೂ ತಪ್ಪಿಲ್ಲ. ಮದುವೆ ಮನೆಯಲ್ಲಿ ಜಾಗಕ್ಕಿಂತ ದೊಡ್ಡ ಬಡತನ ಇನ್ನೊಂದಿಲ್ಲ. ಆದರೆ ಹೊಸ್ತಿಲಲ್ಲಿ ನಿಂತಿದ್ದ ಅಮ್ಮ, "ಅದ್ರೊಳಗೆ ನನ್ನ ಹಾಡಿದೆ. ಅದನ್ನ ಕೊಟ್ಬಿಟ್ರೆ ಮದುವೇಲಿ ನಾನೇನು ಹೇಳ್ಲಿ?" ಎಂದುಬಿಟ್ಟಳು. ಗುಜರಿಯವನು ಪಾಪ, ತಕ್ಕಡಿ ಕೆಳಗಿಟ್ಟ.

ನಮ್ಮಮ್ಮನ ಹಾಡುಗಳ ವಿಷಯ ಸ್ವಲ್ಪ ಹೇಳಬೇಕು. ಎಣ್ಣೆಶಾಸ್ತ್ರಕ್ಕೆ ಒಂದು, ಹಸೆಗೆ ಕರೆಯಲು ಒಂದು, ಬೀಗರನ್ನು ಛೇಡಿಸಲು ನಾಲ್ಕಾರು, ಆರತಿಗೆ, ಹೆಣ್ಣೊಪ್ಪಿಸುವುದಕ್ಕೆ ಬೇರೆ ಬೇರೆ. ಅವಳ ಅಮ್ಮನಿಂದ ಕೆಲವು, ಅತ್ತೆಯಿಂದ ಕೆಲವು ಬಂದವು. ಯಾವುದೂ ಪುಸ್ತಕದಲ್ಲಿಲ್ಲ. ಈಗ ಅವಳಿಗೆ ಎಂಬತ್ತು ಹತ್ತಿರ. ಮೊದಲ ನುಡಿ ಗಟ್ಟಿಯಾಗಿ ಹೇಳುತ್ತಾಳೆ, ಎರಡನೆಯದಕ್ಕೆ ಬಂದು ನಿಂತುಬಿಡುತ್ತಾಳೆ. ಕತ್ತಲಲ್ಲಿ ಮೆಟ್ಟಿಲು ಹುಡುಕುವವರ ಹಾಗೆ ಒಂದು ಕ್ಷಣ ತಡಕಾಡಿ, "ನಿಮ್ಮಪ್ಪ ಬರೆದಿಟ್ಟಿದಾರಲ್ಲ" ಎಂದು ಮಾತು ಮುಗಿಸುತ್ತಾಳೆ.

ಅಪ್ಪ ದುಡಿದದ್ದು ಕಬ್ಬಿಣ ಕಾರ್ಖಾನೆಯಲ್ಲಿ. ವಿಶ್ವೇಶ್ವರಯ್ಯನವರ ಆಸ್ಥೆಯಿಂದ ಹುಟ್ಟಿ, 1923ರಲ್ಲಿ ಕೆಲಸ ಆರಂಭಿಸಿ, ಮುಂದೆ ಅವರದೇ ಹೆಸರು ಹೊತ್ತ ಕಾರ್ಖಾನೆ ಅದು. ನಿವೃತ್ತರಾದ ಮೇಲೆ ಅವರಿಗೆ ಕೈ ಕಟ್ಟಿಹಾಕಿದಂತಾಯಿತು. 2004ರಲ್ಲಿ, ನಾವು ಬೇಡಬೇಡವೆಂದರೂ, ಒಂದು ಕಂಪ್ಯೂಟರ್ ತಂದರು. ಪೆಂಟಿಯಂ 4, 256 ಎಂ.ಬಿ. ರ‍್ಯಾಮ್, 40 ಜಿ.ಬಿ. ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಇಂದಿನ ಸಾಧಾರಣ ಮೊಬೈಲಿನ ಮುಂದೂ ಅದು ಬಡಪಾಯಿ. ಅಂದು ಮಾತ್ರ ನೆರೆಹೊರೆಯವರು ಕರು ಹಾಕಿದ ಹಸುವನ್ನು ನೋಡಲು ಬಂದಂತೆ ಬಂದು ನೋಡಿ ಹೋದರು. ಅಪ್ಪ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಹಾಕಿಸಿಕೊಂಡರು. ಅದರ ಕೀಲಿಮಣೆ ಕೆ.ಪಿ. ರಾವ್ ಅವರು ರೂಪಿಸಿದ್ದು. ಕೆ ಒತ್ತಿದರೆ ಕ, ನಡುವೆ ಎಫ್ ಒತ್ತಿದರೆ ಒತ್ತಕ್ಷರ. ಎರಡು ಬೆರಳಿನಲ್ಲಿ ಟೈಪ್ ಮಾಡುತ್ತಾ ಸಂಜೆ ಹೊತ್ತು ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಹೂಂ, ಇನ್ನೊಂದ್ಸಲ ಹೇಳು, ನಿಧಾನ" ಎನ್ನುತ್ತಿದ್ದರು. ಮದುವೆಯಾಗಿ ನಲವತ್ತು ವರ್ಷಕ್ಕೆ ಅಪ್ಪ ಅಮ್ಮನ ಮಾತನ್ನು ಪೂರ್ತಿ ಕೇಳಿಸಿಕೊಂಡದ್ದು ಆಗಲೇ ಎಂದು ನಾವು ತಮಾಷೆ ಮಾಡುತ್ತಿದ್ದೆವು.

2019ರ ನವೆಂಬರಿನಲ್ಲಿ ಅಪ್ಪ ಹೋದರು. ಕಂಪ್ಯೂಟರಿಗೆ ಬಟ್ಟೆ ಹೊದಿಸಿದ್ದು ಆಗ.

ಆ ಜನವರಿ ಭದ್ರಾವತಿಗೇ ಕೆಟ್ಟ ಕಾಲ. ಕಾಗದ ಕಾರ್ಖಾನೆ 2015ರಲ್ಲೇ ನಿಂತಿತ್ತು. ಈಗ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನದ ಸುದ್ದಿ ಬಂದು ಕಾರ್ಮಿಕರು ಧರಣಿ ಕೂತಿದ್ದರು. ಹಾಲಿನ ಬೂತಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಎಲ್ಲಿ ನಿಂತರೂ ಒಂದೇ ಮಾತು: "ಯಂತ್ರ ಹಳೇದಾಯ್ತಂತೆ." ಆ ದೊಡ್ಡ ವಿಷಯ ನನ್ನಂಥವಳ ಕೈಗೆ ಎಟುಕುವುದಲ್ಲ. ಆದರೆ ಅಂಗಳದಲ್ಲಿ ಕೂತಿದ್ದ ಡಬ್ಬ ಎಟುಕುತ್ತಿತ್ತು. "ತಕ್ಕಡಿ ತೆಗೀಪ್ಪ, ಇದು ಕೊಡೋದಲ್ಲ" ಎಂದೆ.

ಹೇಳಿದ್ದೇನೋ ಸರಿ, ಮುಂದೆ? ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವ ಬಿ.ಎ., ಬಿ.ಎಡ್. ಟೀಚರು. ಅಂಕಪಟ್ಟಿ ತುಂಬುವುದು ಬಿಟ್ಟರೆ ಕಂಪ್ಯೂಟರಿನ ಗಂಧ ನನಗಿಲ್ಲ. ಪ್ಲಗ್ ಹಾಕಿ ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ಒಳಗಿನಿಂದ 'ಪೀಂ... ಪೀಂ...' ಎಂದು ಉದ್ದುದ್ದ ಕೂಗು. ಹಸಿದ ಬೆಕ್ಕಿನ ಹಾಗೆ. ಮಾನಿಟರು, ಕೀಬೋರ್ಡು ಅಲ್ಲೇ ಬಿಟ್ಟು, ಪೆಟ್ಟಿಗೆಯೊಂದನ್ನು ಹಳೇ ಸೀರೆಯಲ್ಲಿ ಕಟ್ಟಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ತೊಡೆಯ ಮೇಲೆ ಗಂಟು ನೋಡಿ ಕಂಡಕ್ಟರು, "ಏನ್ ಮೇಡಂ, ದೇವ್ರಾ?" ಎಂದ. ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ.

ಶಿವಮೊಗ್ಗದ ರಿಪೇರಿ ಅಂಗಡಿಯ ಹುಡುಗ ಒಳ್ಳೆಯವನೇ, ಆದರೆ ಅವಸರದವನು. ಎರಡು ನಿಮಿಷ ನೋಡಿ, "ಬೋರ್ಡ್ ಹೋಗಿರುತ್ತೆ ಮೇಡಂ, ಇದಕ್ಕೆ ಈಗ ಸಿಗಲ್ಲ. ಬೇರೆದು ಹಾಕಿ, ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕ್ಕೊಡ್ತೀನಿ, ಹೊಸದರ ಥರ ಆಗುತ್ತೆ" ಎಂದ. ಫಾರ್ಮ್ಯಾಟ್ ಎಂದರೇನಪ್ಪಾ ಎಂದು ಕೇಳಿದೆ. "ಎಲ್ಲಾ ಕ್ಲೀನ್. ಬೋರ್ಡ್ ಒರೆಸ್ದಂಗೆ."

ಆ ಹೋಲಿಕೆ ಅವನು ನನ್ನಂಥವಳಿಗೆ ಕೊಡಬಾರದಿತ್ತು! ಮೂವತ್ತು ವರ್ಷ ಕರಿಹಲಗೆ ಒರೆಸಿದ ಕೈ ಇದು. ಒರೆಸುವ ಮುಂಚೆ ಹಿಂದೆ ತಿರುಗಿ, "ಎಲ್ಲಾರೂ ಬರ್ಕೊಂಡ್ರಾ?" ಎಂದು ಕೇಳುವುದು ಟೀಚರಿನ ಮೊದಲ ಪಾಠ. ಅಮ್ಮನ ಹಾಡನ್ನು ಯಾರೂ ಬರೆದುಕೊಂಡಿಲ್ಲ. ಗಂಟನ್ನು ಮತ್ತೆ ಕಟ್ಟಿದೆ. ಹಾರ್ಡ್ ಡಿಸ್ಕೊಂದನ್ನೇ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿಯೂ ಫೈಲು ತೆಗೆಯಬಹುದೆಂದು ಬೆಂಗಳೂರಿನಲ್ಲಿರುವ ಮಗಳು ಆಮೇಲೆ ಹೇಳಿದಳು. ನಿಮಗೂ ಇಂಥ ಸಂದರ್ಭ ಬಂದರೆ ಅದನ್ನು ನೆನಪಿಟ್ಟುಕೊಳ್ಳಿ. ಪೆಟ್ಟಿಗೆ ಕೆಟ್ಟರೂ ಅದರೊಳಗಿನ ಬರವಣಿಗೆ ಕೆಟ್ಟಿರಬೇಕೆಂದಿಲ್ಲ.

ಮರುದಿನ ಭಾನುವಾರ. ಭದ್ರಾವತಿಯ ಮನೆಯ ಊಟದ ಮೇಜಿನ ಮೇಲೆ ಪೆಟ್ಟಿಗೆ ಮಲಗಿಸಿ, ಮಗಳನ್ನು ವಿಡಿಯೋದಲ್ಲಿ ಕೂರಿಸಿ, ಶಸ್ತ್ರಚಿಕಿತ್ಸೆ ಶುರು ಮಾಡಿದೆವು. ಪ್ಲಗ್ ತೆಗೆಯಬೇಕು, ಮೈಯಲ್ಲಿನ ವಿದ್ಯುತ್ತು ಇಳಿಯಲು ಪೆಟ್ಟಿಗೆಯ ಬರಿ ಕಬ್ಬಿಣವನ್ನೊಮ್ಮೆ ಮುಟ್ಟಬೇಕು, ಆಮೇಲೆ ಪಕ್ಕದ ಬಾಗಿಲು ತೆಗೆಯಬೇಕು. ತೆಗೆದರೆ ಒಳಗೊಂದು ಅಟ್ಟವೇ ಇತ್ತು! ಬೂದು ಧೂಳು, ಜೇಡನ ಬಲೆ, ಹಲ್ಲಿಮೊಟ್ಟೆಯ ಸಿಪ್ಪೆ. ಬಣ್ಣದವರ ಹೊಸ ಬ್ರಷ್ಷಿನಿಂದ ಮೆಲ್ಲಗೆ ಗುಡಿಸಿದೆ. ರ‍್ಯಾಮ್ ಎಂಬುದು ಬಾಚಣಿಗೆಯ ಹಾಗೊಂದು ಪಟ್ಟಿ, ಎರಡು ಕಡೆ ಎರಡು ಚಿಲಕ. ಉದ್ದನೆಯ ಕೂಗು ಬಹುಮಟ್ಟಿಗೆ ಇದರದೇ ದೂರು ಎಂದಳು ಮಗಳು. ಚಿಲಕ ಸರಿಸಿ ಮೇಲೆತ್ತಿದರೆ ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದವು.

"ಅಮ್ಮಾ, ರಬ್ಬರ್ ಇದೆಯಾ? ಪೆನ್ಸಿಲ್ ಅಳಿಸೋದು."

ಟೀಚರಿನ ಬ್ಯಾಗಿನಲ್ಲಿ ರಬ್ಬರ್ ಇಲ್ಲದಿರುತ್ತದೆಯೇ? ಆ ಹಲ್ಲುಗಳನ್ನು ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿ ಕೊಡವಿ, 'ಟಕ್' ಎಂದು ಚಿಲಕ ಬೀಳುವ ತನಕ ಒತ್ತಿ ಕೂರಿಸಿದೆ. ಗುಂಡಿ ಒತ್ತಿದರೆ ಒಂದೇ ಒಂದು ಪುಟ್ಟ 'ಪಿಕ್'! ಪರದೆ ಬೆಳಗಿತು. ಅಮ್ಮ ಒಳಗಿನಿಂದ ಅರಿಶಿನ-ಕುಂಕುಮ ತಂದಳು. ಬೇಡವೆನ್ನಲು ನನಗೆ ಮನಸ್ಸಾಗಲಿಲ್ಲ.

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಏನೋ ತಪ್ಪಿದೆ, ಮುಂದುವರಿಯಲು ಎಫ್-1 ಒತ್ತಿ ಎಂದು ಬಂತು. ಒತ್ತಿದೆ. ವಿಂಡೋಸ್ ಬರುವಷ್ಟರಲ್ಲಿ ಸಾರಿಗೆ ಒಗ್ಗರಣೆ ಹಾಕಿ ಬರಬಹುದಿತ್ತು. ಬಂದಾಗ ಮೂಲೆಯ ಗಡಿಯಾರ 2002ರ ಜನವರಿ 1 ಎಂದು ತೋರಿಸುತ್ತಿತ್ತು. ಅಪ್ಪ ಕಂಪ್ಯೂಟರ್ ಕೊಳ್ಳುವುದಕ್ಕೂ ಎರಡು ವರ್ಷ ಹಿಂದಿನ ದಿನ! ಕರೆಂಟು ಇಲ್ಲದಾಗಲೂ ಗಡಿಯಾರವನ್ನು, ಯಂತ್ರದ ಮೂಲ ಲೆಕ್ಕಾಚಾರಗಳನ್ನು ಜೀವಂತ ಇಡಲು ಒಳಗೊಂದು ನಾಣ್ಯದಂಥ ಬ್ಯಾಟರಿ ಇರುತ್ತದೆ. ಅದು ಸತ್ತರೆ ಪ್ರತಿ ಸಲವೂ ಯಂತ್ರ ತಾನು ಹುಟ್ಟಿದ ಕಾಲಕ್ಕೇ ಏಳುತ್ತದೆ. ಇದರ ಮಾತು ಆಮೇಲೆ ಬರುತ್ತದೆ.

ವಿಂಡೋಸ್ ಎಕ್ಸ್‌ಪಿ ಎಂದರೆ ನೀಲಿ ಆಕಾಶದ ಕೆಳಗಿನ ಹಸಿರು ಗುಡ್ಡ ನೆನಪಾಗುತ್ತದಲ್ಲವೇ? ಅದು ಕ್ಯಾಲಿಫೋರ್ನಿಯಾದ ಗುಡ್ಡ. ಚಾರ್ಲ್ಸ್ ಒ'ರಿಯರ್ ಎಂಬ ಛಾಯಾಗ್ರಾಹಕ 1996ರಲ್ಲಿ ತೆಗೆದ ಚಿತ್ರ. ಅಪ್ಪನ ಪರದೆಯಲ್ಲಿ ಆ ಗುಡ್ಡವಿರಲಿಲ್ಲ. ಕೂಡಲಿಯಲ್ಲಿ, ತುಂಗೆ-ಭದ್ರೆ ಸೇರುವಲ್ಲಿ, ಮೆಟ್ಟಿಲ ಮೇಲೆ ಕಾಲು ನೀರಿಗಿಳಿಸಿ ಕೂತ ಅಮ್ಮ ಇದ್ದಳು. ಎಡಗಡೆ ಸಾಲಾಗಿ ಚಿತ್ರಗಳು, ಕೆಳಗೆ ದಪ್ಪ ಕನ್ನಡ ಅಕ್ಷರ. 'ಮೈ ಕಂಪ್ಯೂಟರ್' ಎಂದಿರಬೇಕಾದ ಕಡೆ 'ನಮ್ಮನೆ'. ಅದರ ಕೆಳಗೆ 'ಇವಳ ಹಾಡು'.

ಎಕ್ಸ್‌ಪಿಯಲ್ಲಿ ಹೀಗೆ ಕನ್ನಡ ಬರಿಸಲು ಸ್ವಲ್ಪ ಹೆಣಗಬೇಕಿತ್ತು. ಮೇಜಿನ ಡ್ರಾಯರಿನಲ್ಲಿ ಸಿಕ್ಕಿದ ಅಪ್ಪನ ನೋಟ್‌ಬುಕ್ಕಿನಲ್ಲಿ ಅದರ ವಿವರವೆಲ್ಲ ಇತ್ತು. ಕಾರ್ಖಾನೆಯ ಲಾಗ್‌ಬುಕ್ಕಿನಂತೆ ಗೀಟು ಹಾಕಿ ನಾಲ್ಕು ಕಾಲಂ: ದಿನಾಂಕ, ದೋಷ, ಕಾರಣ, ಪರಿಹಾರ. "ದೋಷ: ಕನ್ನಡದ ಬದಲು ಚೌಕ ಚೌಕ ಡಬ್ಬಿ ಕಾಣುತ್ತದೆ. ಕಾರಣ: ನಮ್ಮ ಲಿಪಿಯ ಕಡತ ಹಾಕಿಲ್ಲ. ಪರಿಹಾರ: ಕಂಟ್ರೋಲ್ ಪ್ಯಾನೆಲ್, ರೀಜನಲ್ ಅಂಡ್ ಲ್ಯಾಂಗ್ವೇಜ್, ಲ್ಯಾಂಗ್ವೇಜಸ್, ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬಲ್ಲಿ ಗುರುತು ಹಾಕಿ ಎಕ್ಸ್‌ಪಿ ಸಿ.ಡಿ. ಕೊಡಬೇಕು. ಅಕ್ಷರದ ಹೆಸರು ತುಂಗಾ!" ಆ ಆಶ್ಚರ್ಯಸೂಚಕ ಅಪ್ಪನದೇ. ಎಕ್ಸ್‌ಪಿಯೊಂದಿಗೆ ಬರುತ್ತಿದ್ದ ಕನ್ನಡ ಅಕ್ಷರವಿನ್ಯಾಸದ ಹೆಸರು ನಿಜಕ್ಕೂ ತುಂಗಾ. ತೆಲುಗಿನದು ಗೌತಮಿ, ಪಂಜಾಬಿಯದು ರಾವಿ. ಭದ್ರೆಯ ದಡದ ಮನೆಗೆ ತುಂಗೆ ಬಂದಳೆಂದು ಅಪ್ಪ ಅಂದು ಎಷ್ಟು ಜನಕ್ಕೆ ಹೇಳಿದರೋ.

ನೋಟ್‌ಬುಕ್ಕನ್ನು ಆಗಲೇ ಪೂರ್ತಿ ಓದಬೇಕಿತ್ತು. ನಾನು ಓದಲಿಲ್ಲ. ಒಂದು ಸಲ ಗೆದ್ದವಳ ಹುಮ್ಮಸ್ಸು ನೋಡಿ! ಯಂತ್ರ ನಿಧಾನವಾಗಿದೆ, ಸ್ವಚ್ಛ ಮಾಡಿಯೇಬಿಡೋಣ ಎಂದು ಸೆರಗು ಸಿಕ್ಕಿಸಿದೆ. ಶುರುವಿನಲ್ಲಿ ತಾವಾಗಿ ಏಳುವ ಬೇಡದ ಕಾರ್ಯಕ್ರಮಗಳನ್ನು ಮಗಳು ಹೇಳಿದಂತೆ ನಿಲ್ಲಿಸಿದೆ, ಒಳ್ಳೆಯದಾಯಿತು. ಅಷ್ಟಕ್ಕೆ ಸುಮ್ಮನಿದ್ದರೆ ಚೆನ್ನಾಗಿತ್ತು. ಅಕ್ಷರಗಳು ಕುಂಬಳಕಾಯಿಯಷ್ಟು ದಪ್ಪ, ಬಾಣ ಅಟ್ಟೆಯಷ್ಟು ದೊಡ್ಡದು, ಸರಿಸಿದರೆ ಹಿಂದೆ ಬಾಲ ಬೇರೆ. ಮೌಸು ಎಮ್ಮೆಯ ಹಾಗೆ ನಿಧಾನ. ಅಪ್ಪನಿಗೆ ಸರಿಯಾಗಿ ಗೊತ್ತಾಗಲಿಲ್ಲವೇನೋ ಎಂದುಕೊಂಡು ಒಂದೊಂದನ್ನೂ ಮೊದಲಿದ್ದ ಅಳತೆಗೆ ತಂದೆ. ನೋಡಲು ಚೊಕ್ಕಟವಾಯಿತು.

"ಬಾರಮ್ಮಾ, ನಿನ್ನ ಹಾಡು" ಎಂದು ಕರೆದೆ. ಅಮ್ಮ ಬಂದು ಕುರ್ಚಿಯಲ್ಲಿ ಅಭ್ಯಾಸವಿದ್ದವಳಂತೆ ಕೂತಳು. ಅಪ್ಪ ಅವಳಿಗೂ ಕಲಿಸಿದ್ದು ನನಗೆ ಗೊತ್ತೇ ಇರಲಿಲ್ಲ! ಬಾಣ ಎಲ್ಲಿದೆಯೆಂದು ಹುಡುಕಿದಳು. 'ಇವಳ ಹಾಡು' ಎಂಬಲ್ಲಿಗೆ ತಂದು ಎರಡು ಸಲ ಒತ್ತಿದಳು. ತೆರೆಯಲಿಲ್ಲ. ಮತ್ತೆ ಒತ್ತಿದಳು. ಇಲ್ಲ. "ನಂಗೆ ಇದೂ ಮರೆತೋಯ್ತು ಕಣೇ" ಎಂದು ಕೈ ಹಿಂದೆ ತೆಗೆದುಕೊಂಡಳು. ಅವಳು ಮರೆತಿದ್ದಾಳೆಂದೇ ನಾನೂ ನಂಬಿದೆ.

ರಾತ್ರಿ ನಿದ್ದೆ ಬಾರದೆ ನೋಟ್‌ಬುಕ್ ತಿರುವುತ್ತಿದ್ದಾಗ ಸಿಕ್ಕಿತು. "ದೋಷ: ಇವಳಿಗೆ ಡಬಲ್ ಕ್ಲಿಕ್ ಆಗುತ್ತಿಲ್ಲ. ಕಾರಣ: ಕೈ ನಡುಕ. ಪರಿಹಾರ: ವೇಗ ಅತಿ ಕಡಿಮೆ ಮಾಡಿದೆ." ಕೆಳಗೆ ಇನ್ನೊಂದು: "ದೋಷ: ಓದಲು ಆಗುತ್ತಿಲ್ಲ. ಕಾರಣ: ಕಣ್ಣಿನ ಪೊರೆ. ಪರಿಹಾರ: ಅಕ್ಷರ ಎಲ್ಲಕ್ಕಿಂತ ದೊಡ್ಡದು, ಬಾಣಕ್ಕೆ ಬಾಲ." ಒಂದು ಹಗಲಿನಲ್ಲಿ ನಾನು ಚೊಕ್ಕಟ ಮಾಡಿದ್ದು ಏನನ್ನೆಂದು ಆಗ ತಿಳಿಯಿತು. ಅಮ್ಮ ಮರೆತಿರಲಿಲ್ಲ. ಅವಳ ಎರಡು ಒತ್ತುಗಳ ನಡುವೆ ಬೇಕಾದ ಪುರುಸೊತ್ತನ್ನು ನಾನು ಕಿತ್ತುಕೊಂಡಿದ್ದೆ.

ಬೆಳಿಗ್ಗೆ ಶಾಲೆಗೆ ರಜೆ ಹೇಳಿ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಮೌಸಿನ ಕಿಟಕಿಯಲ್ಲಿ ವೇಗ ಪರೀಕ್ಷಿಸಲು ಒಂದು ಪುಟ್ಟ ಹಳದಿ ಕಡತದ ಚಿತ್ರವಿರುತ್ತದೆ. ಸರಿಯಾಗಿ ಎರಡು ಸಲ ಒತ್ತಿದರೆ ಅದು ಬಾಯಿ ತೆರೆಯುತ್ತದೆ. ಸಾರಿಗೆ ಉಪ್ಪು ಹದ ನೋಡುವಂತೆ, "ಈಗ? ಇನ್ನೂ ಸ್ವಲ್ಪ?" ಎನ್ನುತ್ತಾ ಹಿಂದೆ ಸರಿಸಿದೆ. ಕೊನೆಯ ತುದಿಗೆ ಬಂದಾಗ ಕಡತ ಬಾಯಿ ತೆರೆಯಿತು, ಅಮ್ಮನ ಮುಖವೂ ಅರಳಿತು. "ಹಾಂ, ಹೀಗೇ ಇತ್ತು."

'ಇವಳ ಹಾಡು' ತೆರೆದರೆ ಒಳಗೆ 63 ಹಾಡು. ಅವುಗಳನ್ನು ಹೊರತರುವುದೂ ಒಂದು ಕಥೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನವರು 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಲ್ಲಿಸಿದ್ದರಿಂದ ಅಂತರ್ಜಾಲಕ್ಕೆ ಸೇರಿಸಬೇಡ ಎಂದಿದ್ದಳು ಮಗಳು. ತಮ್ಮನ 64 ಜಿ.ಬಿ. ಪೆನ್‌ಡ್ರೈವನ್ನು ಹಳೇ ಯಂತ್ರ ಗುರುತಿಸಲೇ ಇಲ್ಲ. ಅದನ್ನು ಸಿದ್ಧಪಡಿಸಿದ ಹೊಸ ಪದ್ಧತಿ ಇದಕ್ಕೆ ತಿಳಿಯದಂತೆ. ನನ್ನ ಹಳೆಯ 4 ಜಿ.ಬಿ.ಯದು ಹಾಕಿದಾಗ ಒಪ್ಪಿತು. ಸಂತೋಷದಿಂದ ಶಿವಮೊಗ್ಗದ ಮನೆಗೆ ತಂದು, ವೈರಸ್ ಇದೆಯೇ ಎಂದು ಪರೀಕ್ಷಿಸಿ ಲ್ಯಾಪ್‌ಟಾಪಿನಲ್ಲಿ ತೆರೆದರೆ, ಹಾಡೆಲ್ಲಿ? ಪರದೆ ತುಂಬ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟೆಳೆದ ಎ, ನಡುನಡುವೆ ಬ್ರಿಟಿಷರ ಪೌಂಡಿನ ಗುರುತು!

ಎದೆ ಧಸಕ್ಕೆಂದಿತು. ಆದರೆ ಹಾಡು ಕೆಟ್ಟಿರಲಿಲ್ಲ. ಹಳೆಯ ನುಡಿಯಲ್ಲಿ ಕನ್ನಡ ಅಕ್ಷರಗಳಿಗೆ ಸ್ವಂತ ಮನೆಯಿರಲಿಲ್ಲ, ಇಂಗ್ಲಿಷಿನವರ ಮನೆಯಲ್ಲಿ ಬಾಡಿಗೆಗಿದ್ದವು. ಪಿ ಇರುವ ಕಡೆ ಕ, ಪೌಂಡು ಇರುವ ಕಡೆ ನ. ನುಡಿಯ ಅಕ್ಷರವಿನ್ಯಾಸ ಇರುವ ಯಂತ್ರದಲ್ಲಿ ಬಾಡಿಗೆದಾರ ಕಾಣುತ್ತಾನೆ, ಇಲ್ಲದ ಕಡೆ ಮನೆಯ ಯಜಮಾನ. ಯೂನಿಕೋಡ್ ಬಂದ ಮೇಲೆ ಕನ್ನಡಕ್ಕೆ ತನ್ನದೇ ಕೇರಿ ಸಿಕ್ಕಿತು. ಅಲ್ಲಿ ಕ ಅಕ್ಷರದ ಮನೆ ನಂಬರು 3221, ಲೋಕದ ಯಾವ ಯಂತ್ರಕ್ಕೆ ಹೋದರೂ ಅದೇ. ಹಳೆಯ ನುಡಿ ಬರಹವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಮಗಳು ಒಂದನ್ನು ಕಳಿಸಿದಳು. 63 ಹಾಡೂ ಕ್ಷಣದಲ್ಲಿ ಕನ್ನಡವಾದವು, ಅಲ್ಲಲ್ಲಿ ಒತ್ತು ಜಾರಿ, ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಅಂಟಿಕೊಂಡದ್ದು ಬಿಟ್ಟರೆ. ಕಾಪಿ ತಿದ್ದುವುದು ನನ್ನ ಕಸುಬೇ ಅಲ್ಲವೇ, ಕೆಂಪು ಪೆನ್ನು ಹಿಡಿದು ಕೂತೆ.

ತಿದ್ದುವಾಗಲೇ ಆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಫೈಲುಗಳ ಪಕ್ಕದಲ್ಲಿ ಉಳಿಸಿದ ದಿನಾಂಕ ಇರುತ್ತದಲ್ಲ, ಹೆಚ್ಚಿನವು 2004ರಿಂದ 2017ರವರೆಗಿನವು. 11 ಹಾಡುಗಳ ಮುಂದೆ ಮಾತ್ರ 2002ರ ಜನವರಿ 1. ಕಂಪ್ಯೂಟರೇ ಇರದ ವರ್ಷ ಟೈಪ್ ಮಾಡಿದ ಹಾಡು! ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದೆ. 2018ರ ಡಿಸೆಂಬರಿನದು, ಅಕ್ಷರ ನಡುಗಿದೆ. "ದೋಷ: ಗಡಿಯಾರ ಹಿಂದಕ್ಕೆ ಹೋಗುತ್ತದೆ. ಕಾರಣ: ಬ್ಯಾಟರಿ." ಪರಿಹಾರದ ಕಾಲಂ ಖಾಲಿ.

ಕೊನೆಯ ವರ್ಷ ಅಪ್ಪ ಕಂಪ್ಯೂಟರ್ ಮುಟ್ಟಲೇ ಇಲ್ಲವೆಂದು ನಾವೆಲ್ಲ ತಿಳಿದಿದ್ದೆವು. ಬಗ್ಗಿ ಸ್ಕ್ರೂ ಬಿಚ್ಚುವ ಶಕ್ತಿ ಆಗ ಅವರಿಗಿರಲಿಲ್ಲ. ಪ್ರತಿ ಸಲ ಎಫ್-1 ಒತ್ತಿ, ಸುಳ್ಳು ದಿನಾಂಕದ ಕೆಳಗೆ 11 ಹಾಡು ಬರೆದಿದ್ದಾರೆ. ನನಗೆ ನೆನಪಾಯಿತು. ಒಂದು ಸಲ ಫೋನಿನಲ್ಲಿ, "ಕಂಪ್ಯೂಟರ್ ಗಡಿಯಾರ ಸರಿಯಿಲ್ಲ ಕಣೇ" ಎಂದಿದ್ದರು. ನಾನು, "ಮೊಬೈಲಲ್ಲಿ ಟೈಮ್ ನೋಡ್ಕೊಳಿ ಅಪ್ಪಾ" ಎಂದು ನಕ್ಕಿದ್ದೆ. ನನಗಿದ್ದದ್ದು ಇಪ್ಪತ್ತು ಕಿಲೋಮೀಟರ್ ದೂರ, ಗಳಿಗೆಗೊಂದು ಬಸ್ಸು.

ಮುಂದಿನ ಭಾನುವಾರ, ಜನವರಿ 29ಕ್ಕೆ, ಗಡಿಯಾರದ ಅಂಗಡಿಯಲ್ಲಿ ನಾಣ್ಯದ ಬ್ಯಾಟರಿ ಕೊಂಡು ಹಾಕಿದೆ. ಐದು ನಿಮಿಷದ ಕೆಲಸ. ದಿನಾಂಕ ಸರಿಪಡಿಸಿ ಬಾಣವನ್ನು ಗಡಿಯಾರದ ಮೇಲಿಟ್ಟರೆ ಕನ್ನಡದಲ್ಲಿ 'ಭಾನುವಾರ' ಎಂದು ಬಂತು. ಅದನ್ನೂ ಅಪ್ಪ ಕನ್ನಡಕ್ಕೆ ಬದಲಿಸಿಟ್ಟಿದ್ದರು. ನೋಟ್‌ಬುಕ್ಕಿನ ಖಾಲಿ ಕಾಲಮ್ಮಿನಲ್ಲಿ "ಹೊಸದು ಹಾಕಿದೆ" ಎಂದು ಬರೆದೆ. ಬರೆದು ಸಮಾಧಾನವಾಯಿತು ಎಂದು ಹೇಳಲಾರೆ.

ಫೆಬ್ರವರಿಯಲ್ಲಿ ಮದುವೆ ನಡೆಯಿತು. ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ ಹಾಳೆಗಳನ್ನು ಹೆಣ್ಣುಮಕ್ಕಳಿಗೆಲ್ಲ ಹಂಚಿದ್ದೆ. ಅಮ್ಮ ಹೇಳಿಕೊಟ್ಟಳು, ಎರಡನೇ ನುಡಿಯಲ್ಲಿ ತಡವರಿಸಿದಾಗ ಹುಡುಗಿಯರು ಎತ್ತಿಕೊಂಡರು. ಒಂದು ಕಡೆ ಮಾತ್ರ ಅಮ್ಮ ಹಾಡು ನಿಲ್ಲಿಸಿ, "ಇದು ಹೀಗಲ್ಲ, ನಿಮ್ಮಪ್ಪ ತಪ್ಪು ಬರೆದಿದಾರೆ. ಆಗ್ಲೂ ಹೇಳಿದ್ದೆ, ಕೇಳ್ಲಿಲ್ಲ" ಎಂದಳು. ಎಲ್ಲರೂ ನಕ್ಕರು. ಎರಡು ಪಾಠವನ್ನೂ ಉಳಿಸಿಕೊಂಡಿದ್ದೇನೆ.

ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬವಿದ್ದರೆ ಗುಜರಿಗೆ ಕೊಡಿ, ಬೇಡವೆನ್ನುವುದಿಲ್ಲ. ಎಲ್ಲವನ್ನೂ ಇಟ್ಟುಕೊಳ್ಳಲು ಯಾರಿಗೆ ಜಾಗವಿದೆ? ಆದರೆ ಕೊಡುವ ಮುಂಚೆ ಒಂದು ರಬ್ಬರು, ಒಂದು ಭಾನುವಾರ ಖರ್ಚು ಮಾಡಿ. ಒಳಗಿರುವುದನ್ನು ಬರೆದುಕೊಳ್ಳಿ. ಮತ್ತು ಅಕ್ಷರ ದಪ್ಪಗಿದ್ದರೆ, ಬಾಣಕ್ಕೆ ಬಾಲವಿದ್ದರೆ, ಸರಿಪಡಿಸುವ ಮೊದಲು ಅದು ಯಾರಿಗಾಗಿ ಎಂದು ಮನೆಯವರನ್ನು ಕೇಳಿ.

ಹಣ್ಣಿನ ಬುಟ್ಟಿಗಳಿಗೆ ತಮ್ಮ ಬೇರೆ ಮೂಲೆ ಹುಡುಕಿದ.